ವಿಜಯಪುರದಲ್ಲಿ ಮನೆ ಕೊಳ್ಳುವಾಗ ನಾವು ಹಾಕಿದ ಲೆಕ್ಕ

ವಿಜಯಪುರದಲ್ಲಿ ಹನ್ನೊಂದು ವರ್ಷ ಬಾಡಿಗೆ ಮನೆಯಲ್ಲಿದ್ದ ನಾವು 2025ರ ಜೂನ್‌ನಲ್ಲಿ ಸ್ವಂತ ಮನೆಗಾಗಿ ಲೆಕ್ಕ ಹಾಕಲು ಕುಳಿತಾಗ, ನಾನೂ ನನ್ನ ಹೆಂಡತಿಯೂ ಉಳಿಸಿದ ಹಣ 13.5 ಲಕ್ಷ ರೂಪಾಯಿ ಇತ್ತು. ನನ್ನ ಸಂಬಳಕ್ಕೆ 40 ಲಕ್ಷ ಸಾಲ ಸಿಗುತ್ತದೆಂದು ಬ್ಯಾಂಕಿನವರು ಹೇಳಿದ್ದರಿಂದ 50 ಲಕ್ಷದ ಮನೆ ಎಟುಕುತ್ತದೆಂದೇ ಎಣಿಸಿದ್ದೆವು.

30 ಲಕ್ಷ ಮೀರಿದ, 75 ಲಕ್ಷದವರೆಗಿನ ಗೃಹಸಾಲವನ್ನು ರಿಸರ್ವ್ ಬ್ಯಾಂಕಿನ ನಿಯಮದಂತೆ ಮನೆಯ ಮೌಲ್ಯದ ಶೇ. 80ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಮುದ್ರಾಂಕ ಮತ್ತು ನೋಂದಣಿ ಶುಲ್ಕಗಳನ್ನು ಆ ಮೌಲ್ಯದಲ್ಲಿ ಸೇರಿಸುವುದೂ ಇಲ್ಲ. ನಗರದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5, ಸೆಸ್ ಮತ್ತು ಸರ್‌ಚಾರ್ಜ್ ಸೇರಿದರೆ ಶೇ. 5.6, ಅದಕ್ಕೆ ಆಗಿನ ನೋಂದಣಿ ಶುಲ್ಕ ಶೇ. 1. ಹೀಗೆ 50 ಲಕ್ಷದ ಮನೆಗೆ ಕೈಯಿಂದಲೇ 13.3 ಲಕ್ಷ ಹೋಗಿ, ಉಳಿಯುತ್ತಿದ್ದದ್ದು 20 ಸಾವಿರ ಮಾತ್ರ. ಆದ್ದರಿಂದ ಸಾಲದ ಮಿತಿಯನ್ನು ಬದಿಗಿಟ್ಟು ಕೈಯಲ್ಲಿದ್ದ ಹಣದಿಂದಲೇ ಲೆಕ್ಕ ಶುರು ಮಾಡಿದೆವು. 40 ಲಕ್ಷದ ಮನೆ, 32 ಲಕ್ಷ ಸಾಲ, ಶೇ. 8ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳಿಗೆ ಸುಮಾರು 26,770 ರೂಪಾಯಿ ಕಂತು. ಆರು ತಿಂಗಳ ಕಂತಿನಷ್ಟು, ಅಂದರೆ 1.6 ಲಕ್ಷ, ಬೇರೆ ಖಾತೆಗೆ ಹಾಕಿ ಮುಟ್ಟಬಾರದೆಂದು ನಿಶ್ಚಯಿಸಿದೆವು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡವಿಲ್ಲವಾದ್ದರಿಂದ, ದೀರ್ಘ ಅವಧಿಯ ಸಣ್ಣ ಕಂತು ನಮಗೆ ಸರಿಯೆನಿಸಿತು.

ಮೊದಲು ಮನಸ್ಸಿಗೆ ಬಂದದ್ದು 37 ಲಕ್ಷದ ಒಂದು ಮನೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದಿದ್ದ ಬಿರುಕು ನನಗೆ ಸಣ್ಣದಾಗಿ ಕಂಡಿತ್ತು. ಹೆಂಡತಿ ಮಾತ್ರ ಎಂಜಿನಿಯರರನ್ನು ಕರೆಸಲೇಬೇಕೆಂದು ಪಟ್ಟು ಹಿಡಿದಳು. ಅವರು ಗೋಡೆಯನ್ನೂ ಪಾಯವನ್ನೂ ನೋಡಿ, "ಎರಿ ಮಣ್ಣಿನ ಮ್ಯಾಲ ಪಾಯಾ ಹಾಕ್ಯಾರ್ರಿ ಸರ್, ಗಟ್ಟಿ ನೆಲ ಮುಟ್ಟಿಲ್ಲ. ಗಿಲಾವ್ ಎಷ್ಟ ಸಲ ಮಾಡಿದ್ರೂ ಮತ್ತ ಬಿಡತೈತ್ರಿ" ಎಂದರು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಸೀಳುವ ಎರೆ ಮಣ್ಣು ನಮ್ಮ ಭಾಗದ ಹೊಲಗಳಲ್ಲಿ ಬಿಳಿಜೋಳಕ್ಕೆ ಎಷ್ಟು ಒಳ್ಳೆಯದೋ, ತೆಳುವಾದ ಪಾಯಕ್ಕೆ ಅಷ್ಟೇ ಅಪಾಯಕಾರಿ. ಮೂರು ಲಕ್ಷದ ಉಳಿತಾಯವನ್ನು ಬಿಟ್ಟು, ಗಟ್ಟಿ ನೆಲದವರೆಗೆ ಅಗೆದು ಗರಸು ತುಂಬಿಸಿ ಕಟ್ಟಿದ್ದ 40 ಲಕ್ಷದ ಮನೆಯನ್ನೇ ಆರಿಸಿದೆವು. ಎಂಜಿನಿಯರರಿಗೆ ಕೊಟ್ಟ ಶುಲ್ಕದಷ್ಟು ಸಾರ್ಥಕವಾದ ಖರ್ಚು ಈ ಇಡೀ ವ್ಯವಹಾರದಲ್ಲಿ ಬೇರೊಂದಿಲ್ಲ.

ಮುಂಗಡವಾಗಿ ಒಂದು ಲಕ್ಷ ನಗದು ಕೊಡಿರೆಂದು ಮಧ್ಯವರ್ತಿ ಕೇಳಿದರು. ಆಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲವೆಂದು ತಿಳಿಸಿ, ಚೆಕ್ಕನ್ನೇ ಕೊಟ್ಟೆ.

ಎಡವಿದ್ದು ದಿನಾಂಕದಲ್ಲಿ. ಮಾರುವವರ ಇ-ಖಾತಾ, ಅಂದರೆ ಸ್ಥಳೀಯ ಸಂಸ್ಥೆ ಕೊಡುವ ಆಸ್ತಿಯ ಡಿಜಿಟಲ್ ದಾಖಲೆ, ಸಿದ್ಧವಿರಲಿಲ್ಲ. ಅದಿಲ್ಲದೆ ನೋಂದಣಿ ಆಗುವುದಿಲ್ಲವೆಂದು ಗೊತ್ತಿದ್ದರೂ, ಒಪ್ಪಂದಕ್ಕೆ ಮೊದಲೇ ಅದನ್ನು ಕೇಳದಿದ್ದದ್ದು ನನ್ನ ತಪ್ಪು. ಆಗಸ್ಟ್‌ನಲ್ಲಿ ಆಗಬೇಕಿದ್ದ ನೋಂದಣಿ ಸೆಪ್ಟೆಂಬರಿಗೆ ಹೋಯಿತು. ಅಷ್ಟರಲ್ಲಿ, 2025ರ ಆಗಸ್ಟ್ 31ರಿಂದ, ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿ, ನಮಗೆ 40,000 ರೂಪಾಯಿ ಹೆಚ್ಚುವರಿ ಬಿತ್ತು. ಬೇರೆ ಖಾತೆಯ 1.6 ಲಕ್ಷವನ್ನು ಆಗಲೂ ಮುಟ್ಟಲಿಲ್ಲ. ವಕೀಲರ ಮತ್ತು ಬ್ಯಾಂಕಿನ ಶುಲ್ಕ ಕೊಟ್ಟು ಉಳಿದ ಹಣದಲ್ಲಿ ಸೋರುತ್ತಿದ್ದ ಮಾಳಿಗೆಯನ್ನೂ ಹಳೆಯ ವೈರಿಂಗನ್ನೂ ಸರಿಪಡಿಸಿ, ಗೋಡೆಗೆ ಬಣ್ಣ ಹಚ್ಚಿಸುವುದನ್ನು ಮುಂದಿನ ದೀಪಾವಳಿಗೆ ಬಿಟ್ಟೆವು.