ಕೈಲ್‌ಪೊಳ್ದ್‌ಗೆ ಮುನ್ನ ಕೋವಿಯ ನಳಿಗೆ ಶುಚಿಗೊಳಿಸುವ ಕ್ರಮ

ಸೆಪ್ಟೆಂಬರ್ ಆರಂಭದಲ್ಲಿ ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್‌ ಹಬ್ಬಕ್ಕೆ ಕೊಡಗಿನ ಮನೆಗಳಲ್ಲಿ ಕೋವಿಯ ಹೊರಮೈಯನ್ನು ಹೊಳೆಯುವಂತೆ ಒರೆಸಿ ತೋಕ್ ಪೂ (ಕೋವಿ ಹೂ) ಸಿಕ್ಕಿಸುತ್ತಾರೆ. ಆದರೆ ಮಳೆಗಾಲದ ತೇವ ತುಕ್ಕಾಗಿ ಕೂರುವ ನಳಿಗೆಯ ಒಳಭಾಗವನ್ನು ಹಲವರು ನೋಡುವುದೇ ಇಲ್ಲ. 12 ಬೋರಿನ (ಬೋರ್ ಎಂದರೆ ನಳಿಗೆಯ ಒಳ ಅಳತೆ) ಜೋಡುನಳಿಗೆಯ ತೋಟಾ ಕೋವಿಯನ್ನು ಗಮನದಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೋವಿಯನ್ನು ತೆರೆದು, ಎರಡೂ ನಳಿಗೆ ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ತೋಟಾಗಳನ್ನು ಬೇರೆ ಕೋಣೆಯಲ್ಲಿಡಬೇಕು. ಬಳಿಕ ನಳಿಗೆಯನ್ನು ಬಿಚ್ಚಿ, ಹಿಂಬದಿಯಿಂದ ಬೆಳಕಿನತ್ತ ಹಿಡಿದು ನೋಡಬೇಕು. ಗೋಡೆಗೆ ತೂಗುಹಾಕಿದ್ದ ಕೋವಿಯ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದ್ದನ್ನು ನಾನು ಕಂಡಿದ್ದೇನೆ; ಅದನ್ನು ಗಮನಿಸದೆ ಗುಂಡು ಹಾರಿಸಿದರೆ ನಳಿಗೆಯೇ ಸೀಳಬಹುದು.

ಹೆಚ್ಚಿನವರು ಎಡವುವುದು ಉಜ್ಜುವ ಹಂತದಲ್ಲಿ. ಮಸಿ ಕರಗಿಸುವ ದ್ರಾವಣದಲ್ಲಿ ಅದ್ದಿದ ಬಟ್ಟೆಯನ್ನು ತೋಟಾ ಕೂರುವ ಕಡೆಯಿಂದ ಬಾಯಿಯವರೆಗೆ ತೂರಿಸಿ, ಹತ್ತು ನಿಮಿಷವಾದರೂ ಸುಮ್ಮನೆ ಬಿಡಬೇಕು. ಅವಸರದವರು ಈ ಕಾಯುವಿಕೆಯನ್ನೇ ಬಿಟ್ಟು, ಆಮೇಲೆ ಮರಳು ಕಾಗದ ಸುತ್ತಿದ ಕೋಲಿನಿಂದ ಕೆರೆದು, ಶಾಶ್ವತವಾಗಿ ಉಳಿಯುವ ಗೀರುಗಳನ್ನು ಮೂಡಿಸುತ್ತಾರೆ. 12 ಬೋರಿನ ಅಳತೆಯ ಕಂಚಿನ ಕುಂಚವನ್ನೇ ಬಳಸಿರಿ. ಅದು ಬಾಯಿಯಿಂದ ಪೂರ್ತಿ ಹೊರಬಂದ ಮೇಲಷ್ಟೇ ಹಿಂದಕ್ಕೆ ಎಳೆಯಬೇಕು. ನಡುವೆ ತಿರುಗಿಸಿದರೆ ಎಳೆಗಳು ಮಡಚಿಕೊಳ್ಳುತ್ತವೆ. ತೋಟಾ ಕೂರುವ ಜಾಗದ ಮುಂದೆ ನಳಿಗೆ ಕಿರಿದಾಗುವಲ್ಲಿ ಸೀಸವೂ ಪ್ಲಾಸ್ಟಿಕ್ಕೂ ಅಂಟಿಕೊಂಡಿರುವುದರಿಂದ, ಆ ನಾಲ್ಕು ಬೆರಳಿನಷ್ಟು ಜಾಗಕ್ಕೆ ಉಳಿದೆಡೆಗಿಂತ ಎರಡರಷ್ಟು ಶ್ರಮ ಬೇಕು. ಒಣ ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ಒರೆಸುತ್ತಿರಬೇಕು. ಕಪ್ಪು ಮದ್ದನ್ನು ಬಾಯಿಯಿಂದ ತುಂಬಿ ಕೇಪಿನಿಂದ ಹೊತ್ತಿಸುವ ಹಳೆಯ ಬಗೆಯ ಕೋವಿಯಾದರೆ ಬಿಸಿನೀರಿನಿಂದ ತೊಳೆದು ಪೂರ್ತಿ ಒಣಗಿಸದೆ ಗತಿಯಿಲ್ಲ, ಏಕೆಂದರೆ ಅದರ ಮಸಿಯಲ್ಲಿರುವ ಲವಣ ತೇವವನ್ನು ಹೀರುತ್ತದೆ.

ಎಣ್ಣೆ ತೆಳುವಾಗಿರಲಿ. ತೆಂಗಿನೆಣ್ಣೆ ಬೇಡವೇ ಬೇಡ: ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವ ಅದು ಮಡಿಕೇರಿಯ ಚಳಿಯಲ್ಲಿ ಜಿಡ್ಡಾಗಿ, ಧೂಳು ಹಿಡಿದು ಕೂರುತ್ತದೆ. ಬಹೂಪಯೋಗಿ ಎಂದು ಮಾರುವ ಸ್ಪ್ರೇಗಳು ನೀರನ್ನು ಓಡಿಸುತ್ತವೆಯೇ ಹೊರತು ಹೆಚ್ಚು ದಿನ ಕಾಪಾಡುವುದಿಲ್ಲ. ಕೋವಿಗೆಂದೇ ಮಾಡಿದ ಎಣ್ಣೆಯನ್ನೇ ಕೊಳ್ಳಿರಿ. ಅದನ್ನೂ ಸುರಿದು ಬಿಟ್ಟರೆ ಮರದೊಳಗೆ ಇಳಿದು, ಹಿಡಿ ಕಪ್ಪಾಗಿ ಮೆದುವಾಗುತ್ತದೆ.

ತೆಂಗಿನಕಾಯಿಗೆ ಗುರಿಯಿಡಲು ಹೊರಡುವ ಮುನ್ನ ಒಣ ಬಟ್ಟೆ ತೂರಿಸಿ ಒಳಗಿನ ಎಣ್ಣೆಯನ್ನು ತೆಗೆಯಬೇಕು. ಮರಳಿ ಬಂದ ಸಂಜೆಯೇ ಗಂಧದ ಬೊಟ್ಟನ್ನೂ ಬೆರಳಚ್ಚಿನ ಬೆವರನ್ನೂ ಒರೆಸಿ, ನಳಿಗೆಯನ್ನು ಮತ್ತೊಮ್ಮೆ ಉಜ್ಜಿ, ತೇವ ಹಿಡಿದಿಡುವ ಚರ್ಮದ ಚೀಲಕ್ಕೆ ಹಾಕದೆ, ಗಾಳಿಯಾಡುವ ಕಪಾಟಿನಲ್ಲಿಟ್ಟು ಬೀಗ ಹಾಕಬೇಕು.