ತಾಮ್ರದ ಪ್ಲೇಟ್ ಅರ್ಥಿಂಗ್: ಮಣ್ಣು ಮುಚ್ಚುವ ಮುನ್ನ

ಮನೆಗೆ ಲಕ್ಷಗಟ್ಟಲೆ ಸುರಿದವರೂ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿಯ ಹೊತ್ತಿಗೆ ಕೈ ಬಿಗಿ ಹಿಡಿಯುತ್ತಾರೆ. ಮೂರಡಿ ತೋಡಿ, ಪ್ಲೇಟ್ ಮಲಗಿಸಿ, ಗಾರೆಕಸ ತುಂಬಿ ಮುಚ್ಚಿದರೆ ಮೇಲಿಂದ ಏನೂ ಕಾಣದು. ಗೀಸರ್ ಮೈಗೆ ಕರೆಂಟ್ ಇಳಿದ ದಿನವೇ ಗೊತ್ತಾಗುವುದು.

ಪ್ಲೇಟನ್ನು ತೂಗಿಸಿಯೇ ಕೊಳ್ಳಿ. 60 × 60 ಸೆಂ.ಮೀ. ಅಳತೆಯ, 3.15 ಮಿ.ಮೀ. ದಪ್ಪದ ತಾಮ್ರ ಸುಮಾರು 10 ಕೆ.ಜಿ. ಇರಬೇಕು. ಆರೇಳು ಕೆ.ಜಿ. ಬಂದರೆ ದಪ್ಪ ಕದ್ದಿದ್ದಾರೆ. ಅಯಸ್ಕಾಂತ ಅಂಟಿದರೆ ಅದು ತಾಮ್ರದ ಲೇಪದ ಕಬ್ಬಿಣ, ಬೇಡ.

ಗುಂಡಿ ಗೋಡೆಯಿಂದ ಒಂದೂವರೆ ಮೀಟರ್ ದೂರ, ಮೂರಡಿ ಅಗಲ, ಎಂಟು ಅಡಿ ಆಳ. ಪ್ಲೇಟಿನ ಮೇಲಂಚು ನೆಲಮಟ್ಟದಿಂದ ಕನಿಷ್ಠ ಒಂದೂವರೆ ಮೀಟರ್ ಕೆಳಗಿರಬೇಕು. ದಾವಣಗೆರೆ ಸುತ್ತಿನ ಎರೆಮಣ್ಣು ಮಳೆಗಾಲದಲ್ಲಿ ಕುಸಿಯುತ್ತದೆ. ಆಗ ಹಲಗೆ ಆಸರೆ ಕೊಡದೆ ಆಳನ್ನು ಒಳಗಿಳಿಸಬೇಡಿ.

ಕೆಲಸ ಕೆಡುವುದು ಬೆಸುಗೆಯಲ್ಲಿ ಮತ್ತು ತುಂಬುವುದರಲ್ಲಿ. 25 × 3 ಮಿ.ಮೀ. ತಾಮ್ರದ ಪಟ್ಟಿ ಎರಡು ಬೇಕು, ನಡುವೆ ಜೋಡಣೆ ಇಲ್ಲದೆ ಪ್ಲೇಟಿನಿಂದ ಮೇಲಿನ ಚೇಂಬರ್‌ವರೆಗೆ (ನೆಲಮಟ್ಟದ ಮುಚ್ಚಳದ ತೊಟ್ಟಿ) ಬರುವಂಥವು. ಕೂಡುವ ಜಾಗವನ್ನು ಎಮರಿ ಕಾಗದದಿಂದ ಹೊಳೆಯುವಷ್ಟು ಉಜ್ಜಿ ಬ್ರೇಜಿಂಗ್ (ಲೋಹ ಕರಗಿಸಿ ಹಾಕುವ ಬೆಸುಗೆ) ಮಾಡಿಸಿ. ಬೋಲ್ಟೇ ಹಾಕುವುದಾದರೆ ಹಿತ್ತಾಳೆಯದ್ದು. ಜಿಐ (ಸತು ಲೇಪದ ಕಬ್ಬಿಣ) ಬೋಲ್ಟ್ ತಾಮ್ರದ ಜೊತೆ ತೇವದಲ್ಲಿ ಬೇಗ ಸವೆದು ಬಿಡುತ್ತದೆ. ಜೋಡಣೆಯ ಮೇಲಷ್ಟೇ ಡಾಂಬರು ಬಳಿಯಿರಿ. ಇಡೀ ಪ್ಲೇಟಿಗೆ ಬಳಿದರೆ ಅದು ಮಣ್ಣನ್ನು ಮುಟ್ಟುವುದೇ ಇಲ್ಲ.

ಪ್ಲೇಟನ್ನು ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ಅಡಿಯ ಮಣ್ಣು ಕುಸಿದು ಸಂಪರ್ಕ ತಪ್ಪುತ್ತದೆ. ಸುತ್ತ ಆರಿಂಚು ಪುಡಿ ಮಾಡಿದ ಇದ್ದಿಲು ಮತ್ತು ಉಪ್ಪು ತುಂಬಿ. ದಪ್ಪ ಇದ್ದಿಲಿನ ನಡುವೆ ಗಾಳಿ ಉಳಿಯುತ್ತದೆ. ಉಪ್ಪು ಹೆಚ್ಚಿದಷ್ಟೂ ಒಳ್ಳೆಯದೆಂಬುದು ತಪ್ಪು, ಅದು ತಾಮ್ರ ತಿನ್ನುತ್ತದೆ, ಮಳೆಗೆ ಕರಗಿಯೂ ಹೋಗುತ್ತದೆ. ಎರೆಮಣ್ಣಿನಲ್ಲಿ ಸ್ವಲ್ಪ ಸಾಕು. ಮೇಲೆ ಕಲ್ಲು, ಸಿಮೆಂಟ್ ಚೂರು ಆರಿಸಿದ ಮಣ್ಣು, ಆರಿಂಚಿಗೊಮ್ಮೆ ನೀರು ಹಾಕಿ ದಮ್ಮಸು ಮಾಡಿ. ಏಪ್ರಿಲ್-ಮೇನಲ್ಲಿ ಎರೆ ಬಿರುಕು ಬಿಟ್ಟು ಪ್ಲೇಟಿನಿಂದ ದೂರ ಸರಿಯುತ್ತದೆ. ಅದಕ್ಕೇ ನೀರಿನ ಪೈಪ್, ಫನಲ್, ಮುಚ್ಚಳದ ಚೇಂಬರ್ ಬೇಕು. ಬೇಸಿಗೆಯಲ್ಲಿ ನೀರು ಹುಯ್ಯುತ್ತಿರಿ.

ಚಿತ್ರದುರ್ಗದ ಕಡೆ ನಾಲ್ಕಡಿಗೇ ಬಂಡೆ ಸಿಕ್ಕರೆ ಪ್ಲೇಟನ್ನು ಓರೆಯಾಗಿ ತುರುಕಬೇಡಿ. ಕೊರೆಸಿ, ರಾಡ್ ಇಳಿಸಿ, ಬೆಂಟೊನೈಟ್ (ನೀರು ಹಿಡಿದಿಡುವ ಜೇಡಿ) ತುಂಬಿ. ಒಂದು ಸಾಲದಿದ್ದರೆ ರಾಡಿನ ಉದ್ದದ ಎರಡರಷ್ಟು ದೂರದಲ್ಲಿ ಇನ್ನೊಂದು ಹಾಕಿ ಸೇರಿಸಿ.

ಫೇಸ್‌ಗೂ ಅರ್ಥ್‌ಗೂ ನಡುವೆ ಹಾಕಿದ ಬಲ್ಬ್ ಉರಿದರೆ ಅರ್ಥ್ ಸರಿ ಅನ್ನುವವರನ್ನು ನಂಬಬೇಡಿ. 100 ವಾಟ್ ಬಲ್ಬ್ ಎಳೆಯುವುದು ಅರ್ಧ ಆಂಪಿಯರ್‌ಗೂ ಕಡಿಮೆ. 50 ಓಂ (ಕರೆಂಟಿಗೆ ಇರುವ ತಡೆಯ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು) ಅರ್ಥ್‌ನಲ್ಲೂ ಅದು ಬೆಳಗುತ್ತದೆ. ಅರ್ಥ್ ಟೆಸ್ಟರ್ ತರಿಸಿ. ಟೆಸ್ಟರಿನ ಒಂದು ಗೂಟ ಪ್ಲೇಟಿನಿಂದ 30 ಮೀಟರ್ ದೂರಕ್ಕೆ, ಇನ್ನೊಂದು ಸುಮಾರು 18.5 ಮೀಟರ್‌ಗೆ, ಒಂದೇ ಸಾಲಿನಲ್ಲಿ. ಅಳೆಯುವುದು ಬೇಸಿಗೆಯಲ್ಲಿ. ಮನೆಗೆ 5 ಓಂ ಮೀರಬಾರದು.

5 ಓಂ ಬಂದರೂ 230 ವೋಲ್ಟ್‌ಗೆ ಹರಿಯುವುದು ಹೆಚ್ಚೆಂದರೆ 46 ಆಂಪಿಯರ್. 32 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ಅಷ್ಟಕ್ಕೆ ತಕ್ಷಣ ಬೀಳುವುದಿಲ್ಲ. ಅದಕ್ಕೇ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಕಡಿಯುವ ಸ್ವಿಚ್) ಹಾಕಿಸಲೇಬೇಕು. ಗುಂಡಿಯ ಖರ್ಚು ಉಳಿಸಲು ಬೋರ್ಡಿನಲ್ಲಿ ನ್ಯೂಟ್ರಲ್‌ಗೇ ಅರ್ಥ್ ಸೇರಿಸುವ ವೈರ್‌ಮನ್‌ನನ್ನು ಅಲ್ಲೇ ತಡೆಯಿರಿ: ಕಂಬದಲ್ಲಿ ನ್ಯೂಟ್ರಲ್ ತುಂಡಾದರೆ ಫ್ರಿಜ್, ಗ್ರೈಂಡರ್, ಮೋಟರ್ ಎಲ್ಲದರ ಮೈಗೂ ಕರೆಂಟ್ ಬರುತ್ತದೆ.