ಎಣ್ಣೆ ಜಾಕ್ ತೆಗೆದು ಕರೆಂಟ್ ಜಾಕ್ ಹಾಕಿದ್ದು: ನನ್ನ ಅನುಭವ

ನಮ್ಮ ಕುಷ್ಟಗಿ ಕಡೆ ಬಟಾಟಿ ಬೆಳೆಯುವವರು ಕಡಿಮೆ. ಅದು ಹಾಸನ, ಕೋಲಾರ, ಬೆಳಗಾವಿ ಕಡೆಯ ಬೆಳೆ. ನಮ್ಮದು ಉಳ್ಳಾಗಡ್ಡಿ, ಶೇಂಗಾ. ಆದರೆ ಗಡ್ಡೆ ಎತ್ತುವ ಯಂತ್ರ ಹೆಚ್ಚುಕಡಿಮೆ ಒಂದೇ. ಮುಂದೆ ಮಣ್ಣು ಸೀಳುವ ಬ್ಲೇಡು, ಹಿಂದೆ ಮಣ್ಣು ಜಾಡಿಸುವ ಸರಳಿನ ಚೈನು, ಕೊನೆಗೆ ಟ್ರೇಲರಿಗೆ ಸುರಿಯುವ ಎಲಿವೇಟರ್. ಹಾಗಾಗಿ ಒಂದು ಹಳೆಯ ಬಟಾಟಿ ಯಂತ್ರ ತಂದು ಉಳ್ಳಾಗಡ್ಡಿಗೆ ಹೊಂದಿಸಿಕೊಂಡೆ.

ಅದರ ಎಲ್ಲ ಹೊಂದಾಣಿಕೆಯೂ ಹೈಡ್ರಾಲಿಕ್ ಜಾಕ್ ಮೇಲೆ, ಅಂದರೆ ಟ್ರ್ಯಾಕ್ಟರಿನ ಎಣ್ಣೆ ಒತ್ತಡಕ್ಕೆ ರಾಡ್ ತಳ್ಳುವ ಎಣ್ಣೆ ಜಾಕ್. ತೊಂದರೆ ಶುರುವಾಗಿದ್ದು ಎಲಿವೇಟರ್ ಜಾಕಿನಿಂದ. ಉಳ್ಳಾಗಡ್ಡಿ ಎತ್ತರದಿಂದ ಬಿದ್ದರೆ ಪೆಟ್ಟಾಗಿ ಆಮೇಲೆ ಕೊಳೆಯುತ್ತದೆ. ಅದಕ್ಕೆ ಎಲಿವೇಟರಿನ ತುದಿ ರಾಶಿಗೆ ಹತ್ತಿರವೇ ಇರಬೇಕು, ರಾಶಿ ಏರಿದ ಹಾಗೆ ಅದೂ ಏರಬೇಕು, ಏರಿಸಿದಲ್ಲೇ ನಿಲ್ಲಬೇಕು. ನಮ್ಮದು ನಿಲ್ಲುತ್ತಿರಲಿಲ್ಲ. "ಅಣ್ಣಾರ, ಜಾಕ್ ಮತ್ತ ಇಳಿಯಾಕತ್ತೈತ್ರಿ" ಅಂತ ಡ್ರೈವರ್ ಕೂಗುವುದು, ನಾನು ಸೀಲ್ ಕಿಟ್ (ಎಣ್ಣೆ ಸೋರದಂತೆ ತಡೆಯುವ ರಿಂಗುಗಳು) ಹುಡುಕುವುದು, ಇದೇ ಕೆಲಸ.

ಜಾಕ್ ಬಿಚ್ಚಿ ನೋಡಿದರೆ ಕಾರಣ ಕಣ್ಣೆದುರೇ ಇತ್ತು. ಎರೆ ಮಣ್ಣಿನ ಧೂಳು ಎಣ್ಣೆ ಪಸೆಗೆ ಅಂಟಿ ರಾಡಿನ ಮೇಲೆ ಗಟ್ಟಿಯಾಗಿತ್ತು. ರಾಡ್ ಒಳಗೆ ಹೋಗುವಾಗಲೆಲ್ಲ ಆ ಪದರ ಸೀಲನ್ನು ಕೆರೆಯುತ್ತಿತ್ತು. ಉಗುರಿಗೆ ಸಿಗುವಷ್ಟು ಗೀರುಗಳು ರಾಡಿನ ಉದ್ದಕ್ಕೂ ಇದ್ದವು. ಇಂಥ ರಾಡಿಗೆ ಹೊಸ ಸೀಲ್ ಹಾಕಿದರೂ ಬಾಳುವುದಿಲ್ಲ. ಸೋರಿದ ಎಣ್ಣೆ ನೇರ ಉಳ್ಳಾಗಡ್ಡಿ ಮೇಲೆ. ದಲಾಲರು ಚೀಲ ಬಿಚ್ಚಿ ಮೂಸಿ ನೋಡಿ ಪಕ್ಕಕ್ಕಿಡುತ್ತಾರೆ. ತಿಂಗಳುಗಟ್ಟಲೆ ದುಡಿದ ಬೆಳೆ ಹನಿ ಎಣ್ಣೆಗೆ ಹಾಳಾಗುವುದನ್ನು ನೋಡುವುದು ನನ್ನಿಂದ ಆಗಲಿಲ್ಲ.

ಅದಕ್ಕೇ ಕರೆಂಟ್ ಜಾಕ್ ಹಾಕಲು ಹೊರಟೆ. ಇದರ ಹೆಸರು ಎಲೆಕ್ಟ್ರಿಕ್ ಆಕ್ಚುಯೇಟರ್, ಹೊಸದೇನಲ್ಲ. ಆಸ್ಪತ್ರೆಯ ಮಂಚ ಏರಿಸುವುದೂ ಅದೇ. ಒಂದು ಮೋಟರ್, ಗೇರು, ಒಳಗೊಂದು ಉದ್ದ ಸ್ಕ್ರೂ. ಮೋಟರ್ ತಿರುಗಿದರೆ ರಾಡ್ ಹೊರಗೆ ಬರುತ್ತದೆ, ಉಲ್ಟಾ ತಿರುಗಿದರೆ ಒಳಗೆ ಹೋಗುತ್ತದೆ.

ಇಲ್ಲಿ ಎಲ್ಲರೂ ಹಿಂಜರಿಯುವುದು ಬಲದ ಲೆಕ್ಕಕ್ಕೆ. ನನ್ನ ಹಳೇ ಜಾಕ್ 40 ಮಿ.ಮೀ. ಬೋರಿನದು, ಅಂದರೆ ಕೊಳವೆಯ ಒಳವ್ಯಾಸ ಅಷ್ಟು. 150 ಬಾರ್ ಒತ್ತಡದಲ್ಲಿ ಅದು ಸುಮಾರು 1,900 ಕೆಜಿ ತಳ್ಳುತ್ತದೆ. 12 ವೋಲ್ಟಿನಲ್ಲಿ ಸುಲಭವಾಗಿ ಸಿಗುವ ದೊಡ್ಡ ಆಕ್ಚುಯೇಟರ್ 6,000 ನ್ಯೂಟನ್, ಅಂದ್ರೆ ಸುಮಾರು 600 ಕೆಜಿ. ಹೋಲಿಸಿದರೆ ಆಗದ ಮಾತು ಅನ್ನಿಸುತ್ತದೆ, ಅಲ್ವಾ? ಆದರೆ ಕೇಳಬೇಕಾದದ್ದು ಜಾಕಿಗೆ ಎಷ್ಟು ಶಕ್ತಿ ಇದೆ ಅಂತ ಅಲ್ಲ, ಆ ಜಾಗಕ್ಕೆ ಎಷ್ಟು ಬೇಕು ಅಂತ. ಎಲಿವೇಟರ್ ಮೇಲೆ ಉಳ್ಳಾಗಡ್ಡಿ ತುಂಬಿಸಿದೆ. ಜಾಕ್ ಪಿನ್ನಿನ ಜಾಗಕ್ಕೆ ಚೈನ್ ಪುಲ್ಲಿ ಕಟ್ಟಿ, ಜಾಕ್ ತಳ್ಳುವ ದಿಕ್ಕಿನಲ್ಲೇ ಎಳೆದು, ನಡುವೆ ತೂಗುವ ಕಾಟಾ ಹಾಕಿ ನೋಡಿದೆ. 280 ಕೆಜಿ ಆಸುಪಾಸು ಬಂತು. 600 ಧಾರಾಳ ಸಾಕು.

ಸ್ಕ್ರೂ ಯಾವುದು ಅಂತ ತಪ್ಪದೇ ಕೇಳಿ. ಆಕ್ಮೆ ಥ್ರೆಡ್ (ನಟ್ಟು ನೇರ ಉಜ್ಜಿಕೊಂಡು ತಿರುಗುವ ದಪ್ಪ ಮರೆ) ಇದ್ದರೆ ಕರೆಂಟ್ ತೆಗೆದರೂ ರಾಡ್ ಇದ್ದಲ್ಲೇ ಲಾಕ್ ಆಗುತ್ತದೆ. ನನಗೆ ಬೇಕಿದ್ದದ್ದೇ ಅದು. ಬಾಲ್ ಸ್ಕ್ರೂ (ನಡುವೆ ಗುಂಡುಗಳು ಉರುಳುವಂಥದ್ದು) ಇದ್ದರೆ ಕಡಿಮೆ ಕರೆಂಟ್ ಸಾಕು, ಆದರೆ ಭಾರಕ್ಕೆ ಹಿಂದಕ್ಕೆ ಜಾರುತ್ತದೆ. ಅದಕ್ಕೆ ಬ್ರೇಕ್ ಇರುವುದೇ ಬೇಕು.

ವೇಗ ಕಡಿಮೆ, ಇದನ್ನು ಒಪ್ಪಿಕೊಳ್ಳಲೇಬೇಕು. ಸೆಕೆಂಡಿಗೆ 10 ಮಿ.ಮೀ. ಅಂದರೆ 300 ಮಿ.ಮೀ. ಏರಲು ಅರ್ಧ ನಿಮಿಷ. ರಾಶಿ ಅಷ್ಟು ಬೇಗ ಏರುವುದಿಲ್ಲವಲ್ಲ, ನಡೆಯುತ್ತದೆ. ಸುಮ್ನೆ ಏರಿಸಿ ಇಳಿಸಿ ಆಡಿದರೆ ಮಾತ್ರ ಮೋಟರ್ ಸುಡುತ್ತದೆ. 25 ಪರ್ಸೆಂಟ್ ಡ್ಯೂಟಿ ಅಂತ ಬರೆದಿದ್ದರೆ, 10 ನಿಮಿಷದಲ್ಲಿ ಎರಡೂವರೆ ನಿಮಿಷ ಮಾತ್ರ ಓಡಿಸಬೇಕು.

ವೈರಿನಲ್ಲಿ ಜಿಪುಣತನ ಬೇಡ. ಬ್ಯಾಟರಿಯಿಂದ ಹೋಗಿ ಬರಲು 10 ಮೀಟರ್ ವೈರು, 15 ಆಂಪಿಯರ್ ಕರೆಂಟು ಅಂತ ಹಿಡಿಯಿರಿ. 2.5 ಸ್ಕ್ವೇರ್ (ಚದರ ಮಿ.ಮೀ. ದಪ್ಪದ) ತಾಮ್ರದ ವೈರಿನಲ್ಲಿ ಒಂದು ವೋಲ್ಟಿಗಿಂತ ಜಾಸ್ತಿ ದಾರಿಯಲ್ಲೇ ಹೋಗುತ್ತದೆ. 6 ಸ್ಕ್ವೇರಿನಲ್ಲಿ ಅರ್ಧ ವೋಲ್ಟಿನೊಳಗೆ. ನಾನು 6 ಹಾಕಿದೆ. ಬ್ಯಾಟರಿ ಹತ್ತಿರವೇ ಫ್ಯೂಸ್. ದಿಕ್ಕು ಬದಲಿಸಲು 40 ಆಂಪಿಯರಿನ, ಐದು ಪಿನ್ನಿನ ರಿಲೇ ಎರಡು (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಬದಲಿಸುವ ಸ್ವಿಚ್). ಕೈ ತೆಗೆದರೆ ಮಧ್ಯಕ್ಕೆ ಬರುವ ಸ್ವಿಚ್ ಡ್ರೈವರ್ ಪಕ್ಕದಲ್ಲಿ.

ಕೂರಿಸುವಾಗ ಎರಡೂ ತುದಿಯ ಪಿನ್ನು ಒಂದಕ್ಕೊಂದು ಸಮಾನಾಂತರ ಇರಬೇಕು, ಸಲೀಸಾಗಿ ಆಡಬೇಕು. ಆಕ್ಚುಯೇಟರ್ ನೇರ ಭಾರ ತಡೆಯುತ್ತದೆ, ಅಡ್ಡ ಭಾರ ತಡೆಯುವುದಿಲ್ಲ. ನೀರು ಸೀಲಿನ ಬಳಿ ನಿಲ್ಲದ ಹಾಗೆ ರಾಡ್ ಕೆಳಮುಖ ಮಾಡಿದೆ. ಧೂಳಿಗೆ ಬೈಕ್ ಫೋರ್ಕಿಗೆ ಹಾಕುವ, ಮಡಿಕೆ ಮಡಿಕೆಯಾದ ರಬ್ಬರ್ ಕವರ್ ತೊಡಿಸಿ ಕ್ಲಿಪ್ ಬಿಗಿದೆ. ರಸ್ತೆಯಲ್ಲಿ ಒಯ್ಯುವಾಗ ಎಲಿವೇಟರಿಗೆ ಬೇರೆ ಕಬ್ಬಿಣದ ಆಸರೆ ಕೊಟ್ಟು ಪಿನ್ ಹಾಕುತ್ತೇವೆ. ಇಲ್ಲದಿದ್ದರೆ ಗುಂಡಿಯ ಏಟೆಲ್ಲ ಸ್ಕ್ರೂ ಮೇಲೇ ಬೀಳುತ್ತದೆ.

ಆಮೇಲೆ ಮುಂದೆ ಬ್ಲೇಡಿನ ಆಳ ಹೊಂದಿಸುವ ರೋಲರಿಗೂ ಒಂದು ಆಕ್ಚುಯೇಟರ್ ಹಾಕಿದೆ. ನಮ್ಮ ಹೊಲದಲ್ಲಿ ಅರ್ಧ ಎರೆ, ಅರ್ಧ ಮಸಾರಿ. ಮಣ್ಣು ಬದಲಾದ ಕಡೆ ಬ್ಲೇಡಿನ ಆಳ ಸ್ವಲ್ಪ ಬದಲಿಸದಿದ್ದರೆ ಗಡ್ಡೆ ಕೊಯ್ಯುತ್ತದೆ, ಇಲ್ಲವೇ ಹೆಂಟೆ ತುಂಬುತ್ತದೆ. ಟ್ರ್ಯಾಕ್ಟರಿಗೆ ಹೊರಗಿನ ಆಯಿಲ್ ಪಾಯಿಂಟ್ ಒಂದೇ ಇದ್ದಾಗ ಎರಡು ಜಾಕ್ ನಡೆಸಲು ಪೈಪ್ ಬದಲಿಸಬೇಕಿತ್ತು. ಈಗ ಇನ್ನೊಂದು ಸ್ವಿಚ್, ಅಷ್ಟೇ.

ಚಕ್ರ ಇಳಿಸಿ ಇಡೀ ಯಂತ್ರ ಎತ್ತುವ ಜಾಕ್ ಮಾತ್ರ ಎಣ್ಣೆಯದೇ ಇದೆ. ಅಲ್ಲಿ ಟನ್ನುಗಟ್ಟಲೆ ಭಾರ. ಪ್ರತಿ ಸಾಲಿನ ತುದಿಯಲ್ಲಿ ತಟ್ಟನೆ ಮೇಲೆದ್ದು ತಿರುಗಬೇಕು. ಅದನ್ನು ಬದಲಿಸುವ ಯೋಚನೆ ನನಗಿಲ್ಲ. ಅದು ಉಳ್ಳಾಗಡ್ಡಿ ಹಾದುಹೋಗುವ ದಾರಿಯಲ್ಲೂ ಇಲ್ಲ.